ಪಳ್ಳಿಕುಂಞಿಯ ಡಿಕ್ಕಿ

“ಡಿಕ್ಕಿಯಲ್ಲಿ ಸ್ಪೀಕರ್ ಇಡುದು ನನ್ನ ಹತ್ರ ಕಲೀಬೇಕು ಮಾರಾಯ್ರೆ, ಒಂದು ಸಲ ಇಟ್ಟರೆ ಮತ್ತೆ ಮುಟ್ಟಲಿಕ್ಕಿಲ್ಲ” ಎಂದು ಸುಳ್ಯದ ಬಾಡಿಗೆ ಕಾರಿನ ಪಳ್ಳಿಕುಂಞಿ ಎಂಬತ್ತಮೂರನೇ ಇಸವಿಯಲ್ಲಿ ಸಾರಿದ. ಅಂದಿನಿಂದ ಅವನ ಅಂಬಾಸಿಡರಿನ ಡಿಕ್ಕಿ ಮುಚ್ಚಿದ್ದನ್ನು ಕಂಡವರಿಲ್ಲ. ಮರದ ಪೆಟ್ಟಿಗೆಯೊಳಗಿನ ಆ ಹರಿವಾಣದಷ್ಟು ಅಗಲದ ಸ್ಪೀಕರನ್ನು ಬೆಳಿಗ್ಗೆ ಸೀಟಿನ ಬೆನ್ನಿಗೆ ಒತ್ತಿ ಇಡುತ್ತಾನೆ, ಅರಂತೋಡು ಮುಟ್ಟುವ ಮೊದಲೇ ಇಳಿದು ಹಿಂದಕ್ಕೆ ತಿರುಗಿಸುತ್ತಾನೆ, ವಾಪಸು ಬರುವಾಗ ಅಡಿಗೆ ಗೋಣಿ ಹಾಸುತ್ತಾನೆ. ಜಾಗ ಸಾಲದೆ ಸ್ಟೆಪ್ನಿ ಮನೆ ಸೇರಿತು. ಮದುವೆ ಬಾಡಿಗೆಯಲ್ಲಿ ಮದುಮಗಳ ಟ್ರಂಕು ಮದುಮಗನ ತೊಡೆಯೇರಿತು. ಜಾಲ್ಸೂರಿನಲ್ಲಿ ಅದು ಗುಂಯ್ ಎಂದರೆ ಕಾಸರಗೋಡಿನವರು ಗುಡುಗೆಂದು ಒಣಹಾಕಿದ ಬಟ್ಟೆ ತೆಗೆಯುತ್ತಾರೆ. ಇಷ್ಟಾಗಿ ಅವನಲ್ಲಿರುವುದು ಒಂದೇ ಕ್ಯಾಸೆಟ್ಟು, ಅದರಲ್ಲಿ ಹಾಡಿಲ್ಲ. ದುಬೈಗೆ ಹೋದ ಮಗ ಅಸೈನಾರ್ ಕಾಗದದ ಬದಲು ಮಾತಾಡಿ ಕಳಿಸಿದ್ದು. ಮಗನದು ಬಾವಿಯೊಳಗಿಂದ ಬಂದಂಥ ದಪ್ಪ ಸ್ವರ. ಸಣ್ಣ ಟೇಪಿನಲ್ಲಿ ಅದು ನುಸಿಯ ಹಾಗೆ ಕೇಳುತ್ತಿತ್ತಂತೆ. ಹೆಂಡತಿ ಬೀಪಾತುವನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಕೇಳಿಸುತ್ತಾನೆ. ಆಕೆ ಪ್ರತಿ ಸಲವೂ “ಇದು ನನ್ನ ಮಗನ ಸ್ವರ ಅಲ್ಲ” ಎಂದು ಇಳಿದು ಹೋಗುತ್ತಾಳೆ, ಇವನು ಡಿಕ್ಕಿಗೆ ಓಡುತ್ತಾನೆ. ನಿನ್ನೆ ನಾನೂ ಕೂತು ಕೇಳಿ, “ಸರಿಯಾಗಿಯೇ ಉಂಟಲ್ಲ ಮಾರಾಯ, ಇನ್ನೆಂತ ನಿನ್ನ ರಗಳೆ?” ಎಂದೆ. ಪೆಟ್ಟಿಗೆಯನ್ನು ಅರ್ಧ ಬೆರಳು ಸರಿಸುತ್ತ ಅವನೆಂದ: “ನಿಮಗೆ ಸರಿ ಉಂಟು. ಅವಳಿಗೆ ಮಗ ಪಕ್ಕದಲ್ಲಿ ಕೂತ ಹಾಗೆ ಆಗ್ಬೇಕು. ಅವ ಇನ್ನೂ ಡಿಕ್ಕಿಯಲ್ಲೇ ಇದ್ದಾನಲ್ಲ!”