ನನಗೊಂದು ಶಾಲು

ಯಾರೂ ಇದುವರೆಗೆ ನನಗೆ ಶಾಲು ಹೊದಿಸಿಲ್ಲ ಎಂಬ ಕೊರಗು ನಲವತ್ತು ದಾಟಿದ ಮೇಲೆ ಶುರುವಾಯಿತು. ನಮ್ಮ ಪುಣೆಯ ಕನ್ನಡ ಮಂದಿಯ ಸಮಾರಂಭಗಳಲ್ಲಿ ಶಾಲು ತಪ್ಪಿಸಿಕೊಳ್ಳುವುದೇ ಕಷ್ಟ. ನಾಟಕದ ಪರದೆ ಎಳೆದವರಿಗೂ ಸಿಕ್ಕಿದೆ. ಒಮ್ಮೆ ಮೈಕು ಸರಿಮಾಡಲು ಬಂದವನಿಗೆ ತಪ್ಪಿ ಸಿಕ್ಕಿದೆ. ನಾನು ಮೂರನೆಯ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತೇನೆ. ಜೊತೆಗೆ, ಅಕಸ್ಮಾತ್ ಕರೆದುಬಿಟ್ಟರೆ, ಮೆಟ್ಟಿಲಲ್ಲಿ ಎಡವಿದರೆ ಏನು ಗತಿ ಎಂದು ಚಿಂತಿಸುತ್ತೇನೆ. ಬಾರದ ಸನ್ಮಾನಕ್ಕೂ ಮುಂಗಡ ಬೆವರುವ ಜೀವ ನನ್ನದು.

ಹೊಸ ಶತಮಾನದ ಹೊಸದರಲ್ಲಿ ನಮ್ಮ ಆಫೀಸಿನ ಸಾಹೇಬರ ಹೆಂಡತಿ ಒಂದು 'ಪಹಾಡಿ ಭೋಜನ' ಏರ್ಪಡಿಸಿದರು. ಹಿಮಾಲಯದ ಕುಮಾಂವ್ ಬೆಟ್ಟದ ಹಾಡು, ಕುಣಿತ, ಊಟ. ಬಂದ ಹಣ ಅಲ್ಲಿಯ ನೇಯುವ ಹೆಣ್ಣುಮಕ್ಕಳಿಗೆ. ಟಿಕೆಟ್ ಮಾರುವ ಕೆಲಸ, ಇಲ್ಲ ಅನ್ನಲು ಬಾರದ ನನ್ನ ಕೊರಳಿಗೆ ಬಿತ್ತು. ನಮ್ಮ ಕೊಂಢವಾ ಬಡಾವಣೆಯ ಕಿರಾಣಿ ಅಂಗಡಿಯವನಿಗೆ ಮಾರಿದೆ. ಹಲ್ಲಿನ ಡಾಕ್ಟರಿಗಂತೂ ಬಾಯಿ ತೆರೆದು ಕೂತಲ್ಲೇ ಮಾರಿದೆ.

ಬೆಟ್ಟದವರ ಊಟ ಹೇಗಿರುತ್ತದೋ ಎಂಬ ಹೆದರಿಕೆಗೆ ಮನೆಯಲ್ಲೇ ಒಂದು ಜೋಳದ ರೊಟ್ಟಿ ತಿಂದು ಹೆಂಡತಿಯ ಜೊತೆ ಹೊರಟೆ. ಹಾಲ್‌ನ ಬಾಗಿಲಲ್ಲಿ ನಮ್ಮಾಕಿಗೆ ಗುರುತಿನವರು ಸಿಕ್ಕರು. ನಾನೊಬ್ಬನೇ ಒಳಗೆ ಕಾಲಿಟ್ಟೆ. ದೊಡ್ಡ ನತ್ತಿನ ಹೆಂಗಸೊಬ್ಬರು ಉಣ್ಣೆ ಬಟ್ಟೆಗಳ ಮೇಜಿನ ಹಿಂದಿನಿಂದ ನಗುತ್ತ ಬಂದು ನನ್ನ ಹೆಗಲಿಗೆ ಶಾಲು ಹೊದಿಸಿಬಿಟ್ಟರು.

ಟಿಕೆಟ್ ಮಾರಿದ್ದಕ್ಕೆ! ಕಣ್ಣು ಒದ್ದೆಯಾಯಿತು. ಕೈಮುಗಿದು ಕತ್ತು ಬಾಗಿಸಿ, "ಇದಕ್ಕೆಲ್ಲ ನಾನು ಯೋಗ್ಯನಲ್ಲ" ಎಂದು ಹಿಂದಿಯಲ್ಲಿ ವಿನಯ ತೋರಿದೆ. ಆಕೆ ಅದನ್ನು ತೆಗೆದು ಇನ್ನೂ ಒಳ್ಳೆಯ, ಕೆಂಪಂಚಿನ ಶಾಲು ಹೊದಿಸಿದರು. ಸನ್ಮಾನದಲ್ಲೂ ಬಡ್ತಿ! ಮತ್ತೇನೋ ಹೇಳುತ್ತಿದ್ದರು, ಡೋಲಿನ ಸದ್ದಿನಲ್ಲಿ ಕೇಳಿಸಲಿಲ್ಲ. "ನಿಮ್ಮ ಪ್ರೀತಿ ಹೀಗೇ ಇರಲಿ" ಎಂದು ಊಟದ ಕಡೆ ನಡೆದೆ.

ಅಷ್ಟು ಹೆದರಿದ್ದ ಹಿಮಾಲಯದ ಊಟದಲ್ಲಿ ಕಂಡದ್ದು ರಾಗಿ ರೊಟ್ಟಿ, ರಾಜ್ಮಾ. ಸಾಲಿನಲ್ಲಿ ನನ್ನ ಹಿಂದೆ ನಿಂತವರೆಲ್ಲ ನನ್ನನ್ನು ನೋಡಿ ನಗುತ್ತಿದ್ದರು. ನಾನೂ ದೊಡ್ಡ ಮನಸ್ಸಿನಿಂದ ನಕ್ಕೆ. ಆ ಹೆಂಗಸು ದೂರದಿಂದ ರೆಪ್ಪೆ ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದರು. ಇಂಥ ಅಭಿಮಾನ ನಮ್ಮ ಮಂದಿಯಲ್ಲಿ ಎಲ್ಲಿದೆ! ನಮ್ಮ ಆಫೀಸಿನ ಜೋಶಿ ಶಾಲು ಮುಟ್ಟಿ ನೋಡಿ, "ಕುಠೂನ್ ಘೇತ್ಲಿ?" ಎಲ್ಲಿ ಕೊಂಡೆ ಎಂದು ಕೇಳಿದ. ಹೊಟ್ಟೆಕಿಚ್ಚು. "ತಾನಾಗಿ ಬಂತಪ್ಪ" ಎಂದು ಮರಾಠಿಯಲ್ಲಿ ಹೇಳಿ ಮೇಲೆ ನೋಡಿದೆ.

ಅಷ್ಟರಲ್ಲಿ ನಮ್ಮಾಕಿ ಬಂದಳು.

"ಏನ್ರಿ, ಇದೇನು ಹೊದ್ಕೊಂಡೀರಿ?"

"ಸನ್ಮಾನ ಮಾಡಿದ್ರು."

ಅವಳು ನನ್ನ ಬೆನ್ನ ಹಿಂದೆ ಹೋಗಿ ಶಾಲಿನ ಅಂಚು ಎತ್ತಿ ನೋಡಿದಳು.

"ಸನ್ಮಾನದ ರೇಟು ಬೆನ್ನಿಗೆ ಜೋತಾಡ್ಲಿಕತ್ತದರಿ. ಊರ ಮಂದಿ ಎಲ್ಲಾ ಓದ್ಯಾರ."

ರಾಗಿ ರೊಟ್ಟಿಯನ್ನು ತಟ್ಟೆಗೆ ಹಾಕಿದೆ. ತಿರುಗಿ ನೋಡಿದೆ. ಆ ಹೆಂಗಸು ಊಟಕ್ಕೂ ಹೋಗದೆ, ಮೊದಲಿನ ಶಾಲನ್ನು ಎದೆಗೆ ಅವುಚಿಕೊಂಡು ಅಲ್ಲೇ ನಿಂತಿದ್ದರು. ಆ ನೋಟ ಅಭಿಮಾನದ್ದಲ್ಲ. ಒಂದು ಚಳಿಗಾಲವಿಡೀ ಕೂತು ನೇಯ್ದದ್ದು ಯಾರದೋ ಹೆಗಲೇರಿ ರಾಜ್ಮಾ ಪಾತ್ರೆಯ ಬಳಿ ಓಡಾಡಿದರೆ ಯಾರ ಜೀವವಾದರೂ ಹಾಗೆ ನೋಡುತ್ತದೆ.

"ಸಾವಕಾಶ ತೆಗೆದು ಇಟ್ಟು ಬಂದ್ರ?" ಅಂದೆ.

"ಶಾಲಿನ ಸೆರಗು ನೋಡ್ರಿ. ಕಾಳು ಕೂತದ. ಇನ್ನ ಯಾರು ತಗೋತಾರ? ನಡೀರಿ."

ಸೀರೆಗೆಂದು ದುಡ್ಡು ತಂದಿದ್ದ ಪರ್ಸನ್ನು ನಮ್ಮಾಕಿ ಮೇಜಿನ ಮುಂದೆ ಬಿಚ್ಚಿದಳು. ಆ ಹೆಂಗಸಿನ ಮುಖ ಸಡಿಲಾಯಿತು. ರಾಜ್ಮಾ ಕಾಳನ್ನು ಉಗುರಿನಿಂದ ಕೊಡವಿ, ಚೀಟಿಯ ದಾರವನ್ನು ಹಲ್ಲಿನಿಂದ ಕಡಿದು, ಶಾಲನ್ನು ಝಾಡಿಸಿ, ಮತ್ತೆ ನನ್ನ ಹೆಗಲಿಗೆ ಹೊದಿಸಿದರು. ಏನು ಹೇಳಲಿ, ನನ್ನ ಕೈಗಳು ತಾವಾಗಿ ಮುಗಿದುಕೊಂಡವು, ಕತ್ತು ಬಾಗಿತು. ನಮ್ಮಾಕಿ ಪರ್ಸನ್ನು ಕಂಕುಳಲ್ಲಿ ಇಟ್ಟುಕೊಂಡು ಒಬ್ಬಳೇ ಚಪ್ಪಾಳೆ ತಟ್ಟಿದಳು. ಯಾಕೆಂದು ತಿಳಿಯದಿದ್ದರೂ ಆ ಹೆಂಗಸೂ ನಗುತ್ತ ತಟ್ಟಿದರು.

ಈಗಲೂ ಯಾರಿಗಾದರೂ ಸನ್ಮಾನವಾದರೆ ಉಳಿದವರು ಅವರ ಮುಖ ನೋಡುತ್ತಾರೆ, ನಾನು ಬೆನ್ನು ನೋಡುತ್ತೇನೆ. ಸಮಾರಂಭಗಳಿಗೆ, ಬೇಸಿಗೆಯಲ್ಲೂ, ಆ ಕೆಂಪಂಚಿನ ಶಾಲು ಹೊದ್ದೇ ಹೋಗಿ ಮೂರನೆಯ ಸಾಲಿನಲ್ಲಿ ಕೂರುತ್ತೇನೆ. ವೇದಿಕೆಗೆ ಕರೆದುಬಿಟ್ಟಾರು ಎಂಬ ಚಿಂತೆ ತಪ್ಪಿದೆ. ಹೆಗಲು ಖಾಲಿ ಇಲ್ಲ.