ಅವ್ವ ಅಪ್ಪನ ಕೈಗೆ ಹೊಡೆದ ದಿನ

ನನಗಾಗ ಆರು ವರ್ಷ. ಅಪ್ಪನಿಗೆ ರೈಲ್ವೆಯಲ್ಲಿ ಕೆಲಸ. ಹುಬ್ಬಳ್ಳಿಯಿಂದ ವರ್ಗವಾಗಿ ವಡೋದರಾದ ಕ್ವಾರ್ಟರ್ಸಿಗೆ ಬಂದಿದ್ದೆವು. ಶನಿವಾರ ಸಂಜೆ ಕಾಲೊನಿಯ ಮೈದಾನದಲ್ಲಿ ಬಿಳಿ ಪರದೆ ಕಟ್ಟಿ ಸಿನಿಮಾ ತೋರಿಸುತ್ತಿದ್ದರು. ನಾನು ಎಲ್ಲರಿಗಿಂತ ಮುಂದೆ ಕೂರುತ್ತಿದ್ದೆ. ಉಳಿದ ಆರು ದಿನವೂ ಗೋಡೆಗೆ ಒರಗಿ ಅದೇ ಚಿತ್ರವನ್ನು ಮನಸ್ಸಿನಲ್ಲಿ ಓಡಿಸುತ್ತಿದ್ದೆ. ಯಾರು ಕರೆದರೂ ಆಟಕ್ಕೆ ಹೋಗುತ್ತಿರಲಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಬಳಪ ಬೆರಳಲ್ಲಿ ನಿಲ್ಲುತ್ತಿರಲಿಲ್ಲ.

ಶಾಲೆಯ ಮಾಸ್ತರು ಅಪ್ಪನನ್ನು ಕರೆಸಿ, ನನಗೆ ಒಂದಕ್ಷರವೂ ಬರೆಯಲು ಬರುವುದಿಲ್ಲ ಎಂದರು. ಅಪ್ಪ ಮನೆಗೆ ಬಂದವನೇ ಪಾಟಿಯನ್ನು ನನ್ನೆದುರು ಒಗೆದ.

"ಸಿನಿಮಾ ನೋಡಾಕ ಕಣ್ಣ ಅದಾವು, ಬರ್ಯಾಕ ಕೈ ಇಲ್ಲೇನ?"

ನನ್ನ ಬಲಗೈಯನ್ನು ನೆಲಕ್ಕೆ ಒತ್ತಿ ಹಿಡಿದು ರೂಲುದೊಣ್ಣೆಯಿಂದ ಹೊಡೆದ. ಮೂರನೆಯ ಏಟಿಗೆ ಕಿರುಬೆರಳಿನಿಂದ ಕಡ್ಡಿ ಮುರಿದಂಥ ಸದ್ದು ಬಂತು. ಅವನು ನಿಲ್ಲಿಸಲಿಲ್ಲ. ಉಗುರಿನ ಬುಡದಿಂದ ರಕ್ತ ಚಿಮ್ಮಿ ಅವನ ಧೋತರಕ್ಕೆ ಹಾರಿತು.

ಅವ್ವ ಅಡುಗೆಮನೆಯಿಂದ ಕೈಯಲ್ಲಿದ್ದ ಲಟ್ಟಣಿಗೆಯೊಂದಿಗೇ ಓಡಿ ಬಂದಳು. ಅಪ್ಪನ ಮುಂಗೈ ಮೇಲೆ ಬಲವಾಗಿ ಬಾರಿಸಿದಳು, ಮತ್ತೊಮ್ಮೆ ಬಾರಿಸಿದಳು. ರೂಲುದೊಣ್ಣೆ ಬಿದ್ದು ಉರುಳಿತು. ಅವಳು ಪಾಟಿಯನ್ನು ಅವನತ್ತ ತಳ್ಳಿದಳು.

"ಹೊಡದ್ರ ಅಕ್ಷರ ಬರ್ತಾವಲ್ಲ? ಈಗ ನೀವ ಬರೀರಿ ನೋಡೂಣು!"

ಅಪ್ಪ ಎಡಗೈ ಎತ್ತಿದ. ಅಷ್ಟರಲ್ಲಿ ಪಕ್ಕಕ್ಕೆ ಹೊರಳಿ ನಿಂತ ನನ್ನ ಬೆರಳು ಕಂಡಿತೇನೋ, ಎತ್ತಿದ ಕೈ ಹಾಗೇ ಇಳಿಯಿತು. ನನ್ನನ್ನು ಎತ್ತಿಕೊಂಡು ದವಾಖಾನೆಗೆ ಓಡಿದ. ಡಾಕ್ಟರು ಇಬ್ಬರ ಕೈಗೂ ಪಟ್ಟಿ ಕಟ್ಟಿದರು. ಬಾಗಿಲಿಗೆ ಸಿಕ್ಕಿತೆಂದು ಅಪ್ಪ ಸುಳ್ಳು ಹೇಳಿದ.

ಪಟ್ಟಿ ಬಿಚ್ಚಿದ ಮೇಲೆ ಅವ್ವನೇ ನಿಯಮ ಮಾಡಿದಳು: ಶನಿವಾರ ಸಿನಿಮಾ, ಉಳಿದ ಸಂಜೆಗಳಲ್ಲಿ ಆಟ. ಪಕ್ಕದ ಮನೆಯ ಗುಜರಾತಿ ಹುಡುಗಿಯರು ಐದು ಕಲ್ಲು ತೂರಿ ಹಿಡಿಯುವುದನ್ನು ಕಲಿಸಿದರು. ಅವ್ವ ಕಣಕದ ಚೂರು ಕೊಟ್ಟು ಗೋಲಿಯಷ್ಟು ಸಣ್ಣ ಉಂಡೆ ಮಾಡಿಸಿದಳು. ಮೊದಮೊದಲು ನೋವಿಗೆ ಅಳುತ್ತಿದ್ದೆ. ಚಳಿಗಾಲ ಮುಗಿಯುವಷ್ಟರಲ್ಲಿ ಬಳಪ ಬೆರಳಲ್ಲಿ ನಿಂತಿತು. ಕಿರುಬೆರಳು ಮಾತ್ರ ಡೊಂಕಾಗಿಯೇ ಉಳಿಯಿತು.

ಅಪ್ಪ ಮತ್ತೆ ನನ್ನ ಮೇಲೆ ಕೈ ಮಾಡಲಿಲ್ಲ. ಅವ್ವನೊಂದಿಗೆ ಮಾತ್ರ ತಿಂಗಳುಗಟ್ಟಲೆ ಮಾತಾಡಲಿಲ್ಲ. ಅವಳು ಎದುರಿಗೇ ಕೂತಿದ್ದರೂ ಊಟದ ನಡುವೆ ನನಗೆ ಹೇಳುತ್ತಿದ್ದ: "ಸಾರಿಗೆ ಉಪ್ಪು ಕಡಿಮಿ ಆಗೇದಂತ ನಿಮ್ಮವ್ವಗ ಹೇಳು."