ಫುಫು ಒತ್ತದ ಹೆಬ್ಬೆಟ್ಟು

ಅಬ್ಬಾ ತಮ್ಮ ವಿಧವೆ ತಂಗಿಯ, ಅಂದರೆ ನನ್ನ ಫುಫುವಿನ ಹೆಬ್ಬೆರಳಿಗೆ ಮಸಿ ಹಚ್ಚುತ್ತಿದ್ದಾಗ ನಾನು ಮುಂದಿದ್ದ ಕಾಗದವನ್ನು ಓದಿದೆ. ಆಗ ಇಂಡಿ ಊರಿನ ಶಾಲೆಯಲ್ಲಿ ಏಳನೆಯ ಇಯತ್ತೆ ಓದುತ್ತಿದ್ದೆ. ಸಕ್ಕರೆ ಕಾರ್ಡಿನ ಅರ್ಜಿ ಎಂದು ಫುಫುವಿಗೆ ಹೇಳಿದ್ದರು. ಅದರಲ್ಲಿದ್ದದ್ದು ಬೇರೆ: ಅಗರಖೇಡದ ತಮ್ಮ ಪಾಲಿನ ಹೊಲವನ್ನು ಫುಫು ಅಣ್ಣನಿಗೆ ಬಿಟ್ಟುಕೊಟ್ಟಿದ್ದಾರೆ ಎಂದು.

“ಒತ್ತಬ್ಯಾಡ್ರಿ ಫುಫು, ನಿಮ್ಮ ಹೊಲ ಹೋಗತೈತಿ,” ಅಂದುಬಿಟ್ಟೆ.

ಫುಫು ಮಸಿಯ ಬೆರಳನ್ನು ಸೆರಗಿಗೆ ಒರೆಸಿಕೊಂಡು ಎದ್ದುಹೋದರು. ಅಬ್ಬಾ ನನ್ನ ಪಾಟಿಚೀಲ ಕಸಿದುಕೊಂಡರು.

“ಇಕಿನ್ನ ಸಾಲಿಗೆ ಕಳಿಸಿದ್ದ ನನ್ನ ತಪ್ಪು,” ಎಂದು ಅಮ್ಮನ ಮೇಲೆ ಹರಿಹಾಯ್ದರು.

ಏಳನೆಯ ಇಯತ್ತೆಯ ಕೊನೆಗೆ ಬರುವ ಮುಲ್ಕಿ ಪರೀಕ್ಷೆಗೆ ಒಂದೇ ತಿಂಗಳಿತ್ತು. ನನ್ನನ್ನು ಕೂಡಿಸಲಿಲ್ಲ. ಆ ಬೇಸಿಗೆಯಲ್ಲೇ ನಿಕಾಹ್ ಮಾಡಿಬಿಟ್ಟರು.

ಫುಫು ಸಾಯುವತನಕ ತಮ್ಮ ಹೊಲದ ಜೋಳವನ್ನೇ ಉಂಡರು. ನನ್ನ ವಾರಗೆಯ ಇಬ್ಬರು ಮುಲ್ಕಿ ಪಾಸಾಗಿ ಮಾಸ್ತರಣಿಯರಾದರು. ಅಬ್ಬಾರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.